ಕನ್ನಡದ ಅಂಕಕ್ಕೆ ತೂಕವೆಷ್ಟು? ಗಡಿನಾಡಿನ ಪದವಿ ದರ್ಜೆಯ ಲೆಕ್ಕದ ಕಥೆ

ಪರೀಕ್ಷಾ ಫಲಿತಾಂಶದ ದಿನಗಳಲ್ಲಿ ನೆರೆಕರೆಯ ಮಕ್ಕಳು ನಮ್ಮ ಮನೆಯ ಜಗಲಿಗೆ ಬರುವುದು ಹಳೆಯ ರೂಢಿ. ಸೇವೆಯಿಂದ ನಿವೃತ್ತರಾಗಿ ಎರಡು ದಶಕಗಳಾಗುತ್ತ ಬಂದರೂ ಆ ರೂಢಿ ತಪ್ಪಿಲ್ಲ. ಹಿಂದೆ ಎಸ್.ಎಸ್.ಎಲ್.ಸಿ. ಪುಸ್ತಕವನ್ನು ಬಟ್ಟೆಯ ಚೀಲದಲ್ಲಿಟ್ಟು ತರುತ್ತಿದ್ದರು; ಈಗ ಮೊಬೈಲನ್ನು ಮುಂದೆ ಚಾಚುತ್ತಾರೆ. ನಾಲ್ಕು ವರ್ಷದ ಪದವಿ ತರಗತಿಗೆ ಸೇರಿದ್ದ ಹುಡುಗಿಯೊಬ್ಬಳು ತನ್ನ ಮೊದಲ ಸೆಮಿಸ್ಟರಿನ ಫಲಿತಾಂಶವನ್ನು ಹಾಗೆ ತಂದು ತೋರಿಸಿ, “ಮಾಷ್ಟ್ರೇ, ಕನ್ನಡದಲ್ಲಿ ನನಗೆ ಎ ಪ್ಲಸ್ ಬಂದಿದೆ. ಆದರೂ ಒಟ್ಟು ದರ್ಜೆ ಏಳೂವರೆ ಮುಟ್ಟಲಿಲ್ಲ. ಕನ್ನಡದ ಅಂಕಕ್ಕೆ ತೂಕವೇ ಇಲ್ಲವಾ?” ಎಂದು ಕೇಳಿದಳು.

ಕನ್ನಡದ ಮೇಷ್ಟ್ರೊಬ್ಬರನ್ನು ಇಷ್ಟು ನೇರವಾಗಿ ಕೇಳಬಹುದಾದ ಪ್ರಶ್ನೆ ಬೇರೊಂದಿರಲಾರದು. ಅಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಮಾಡಿ ಅವಳಿಗೆ ಉತ್ತರ ಹೇಳಿದೆವು. ಆದರೆ ಪ್ರಶ್ನೆ ಅವಳೊಂದಿಗೆ ಹೊರಟುಹೋಗಲಿಲ್ಲ. ಕಾಸರಗೋಡಿನ ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯುವ ಕೋಲು ಎಷ್ಟು ಸಲ ಬದಲಾಯಿತು, ಪ್ರತಿಸಲವೂ ಕನ್ನಡಕ್ಕೆ ಆ ಕೋಲಿನಲ್ಲಿ ಎಷ್ಟು ಅಂಗುಲ ದೊರೆಯಿತು ಎಂಬುದನ್ನು ಬರೆದಿಡಬೇಕೆನಿಸಿತು. ಸಂಘದ ಸದಸ್ಯರ ಮನೆಗಳಲ್ಲಿ ಕಾಲೇಜು ಮೆಟ್ಟಿಲೇರುವ ಮಕ್ಕಳಿರುವುದರಿಂದ ಇದು ಕೇವಲ ಹಳೆಯ ಕಥೆಯಾಗದು ಎಂಬ ಭರವಸೆ ನಮ್ಮದು.

1956ರ ನವೆಂಬರ್ 1ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಜಿಲ್ಲೆ ಮದ್ರಾಸಿಗೆ ಸೇರಿತ್ತು. ಆದುದರಿಂದ ನಮ್ಮ ಹಿರಿಯರ ಪದವಿಗಳೆಲ್ಲ 1857ರಲ್ಲಿ ಸ್ಥಾಪನೆಯಾದ ಮದ್ರಾಸು ವಿಶ್ವವಿದ್ಯಾನಿಲಯದ ಪದವಿಗಳು. ಕುಂಬಳೆ, ಮಂಜೇಶ್ವರದ ಹುಡುಗರು ಮಂಗಳೂರಿನ ಸರಕಾರಿ ಕಾಲೇಜಿಗೋ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿಗೋ ಹೋಗುವರು. ಅನುಕೂಲವಿದ್ದವರು ಮದ್ರಾಸಿಗೇ ಹೋಗುವರು. ಆ ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಮೂರು ಭಾಗಗಳದ್ದು. ಮೊದಲನೆಯ ಭಾಗ ಇಂಗ್ಲಿಷ್, ಎರಡನೆಯದು ಕನ್ನಡ, ಸಂಸ್ಕೃತ ಮೊದಲಾದ ದ್ವಿತೀಯ ಭಾಷೆ, ಮೂರನೆಯದು ವಿದ್ಯಾರ್ಥಿ ಆರಿಸಿಕೊಂಡ ಐಚ್ಛಿಕ ವಿಷಯ. ಪ್ರತಿ ಭಾಗಕ್ಕೂ ಪ್ರತ್ಯೇಕ ತೇರ್ಗಡೆ, ಪ್ರತ್ಯೇಕ ದರ್ಜೆ. ಮೂರು ಕೋಣೆಗಳ ಮನೆಯಂತೆ. ಒಂದು ಕೋಣೆಯ ಸಾಮಾನು ಇನ್ನೊಂದಕ್ಕೆ ಹೋಗುವಂತಿಲ್ಲ.

ಈ ಮೂರು ಕೋಣೆಗಳ ಮನೆಯಿಂದ ಅರ್ಧಕ್ಕೇ ಹೊರಬಂದವರಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದವರು ತಂದೆಯವರ ಕಾರಣದಿಂದ ಅಂತಿಮ ಪರೀಕ್ಷೆಯನ್ನು ನಡುವೆಯೇ ಬಿಟ್ಟು ಊರಿಗೆ ಮರಳಿದರು, ಪದವಿ ಪೂರ್ಣಗೊಳ್ಳಲಿಲ್ಲ. 1949ರಲ್ಲಿ ಅದೇ ಮದ್ರಾಸಿನ ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1980ರಲ್ಲಿ ಮಂಜೇಶ್ವರದಲ್ಲಿ ಸರಕಾರಿ ಕಾಲೇಜು ತೆರೆದಾಗ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಪದವಿಯಿಲ್ಲದವರ ಹೆಸರಿನಲ್ಲಿ ಪದವಿ ಕಾಲೇಜು ನಡೆಯುತ್ತಿರುವುದನ್ನು ನಾವು ತರಗತಿಯಲ್ಲಿ ಹೇಳಿದಾಗಲೆಲ್ಲ ಕಡಿಮೆ ಅಂಕದ ಮಕ್ಕಳ ಮುಖ ಅರಳುತ್ತಿತ್ತು. ಒಡನೆಯೇ, ಅವರಿಗೆ ತಿಳಿದಿದ್ದ ಭಾಷೆಗಳೆಷ್ಟು ಎಂಬುದನ್ನೂ ಹೇಳುತ್ತಿದ್ದೆವು. ಅರಳಿದ ಮುಖ ತುಸು ಗಂಭೀರವಾಗುತ್ತಿತ್ತು.

ರಾಜ್ಯ ಪುನರ್ವಿಂಗಡಣೆಯೊಂದಿಗೆ ನಮ್ಮ ಪರೀಕ್ಷೆಗಳ ದಿಕ್ಕೂ ಬದಲಾಯಿತು. ತಾಲೂಕು ಮೊದಲು ಮಲಬಾರ್ ಜಿಲ್ಲೆಗೆ, 1957ರಲ್ಲಿ ಹೊಸ ಕಣ್ಣೂರು ಜಿಲ್ಲೆಗೆ ಸೇರಿತು. ತಿರುವಾಂಕೂರು ವಿಶ್ವವಿದ್ಯಾನಿಲಯ ಅದೇ ವರ್ಷ ಕೇರಳ ವಿಶ್ವವಿದ್ಯಾನಿಲಯವೆಂದು ಹೆಸರು ಬದಲಿಸಿಕೊಂಡಿತು. ಕಾಸರಗೋಡಿನ ಸರಕಾರಿ ಕಾಲೇಜು ಹುಟ್ಟಿದ್ದೂ 1957ರಲ್ಲಿಯೇ. ಊರಿನಲ್ಲಿಯೇ ಕಾಲೇಜು ಬಂತೆಂಬ ಸಂತೋಷ, ಅಂಕಪಟ್ಟಿ ಮಾತ್ರ ರಾಜ್ಯದ ಇನ್ನೊಂದು ತುದಿಯಿಂದ ಬರಬೇಕೆಂಬ ಪೇಚು. 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ, 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಂತೆ ಮುದ್ರೆ ಹತ್ತಿರ ಹತ್ತಿರ ಬಂತು. ಒಂದೇ ಮನೆಯಲ್ಲಿ ಅಜ್ಜನದು ಮದ್ರಾಸು, ಅಪ್ಪನದು ಕಲ್ಲಿಕೋಟೆ, ಮಗಳದು ಕಣ್ಣೂರು ಎಂದು ಮೂರು ಮುದ್ರೆಗಳು ಕೂಡಿರುವುದನ್ನು ನಾವು ಬಲ್ಲೆವು. ಯಾರೂ ಹೊಸ್ತಿಲು ದಾಟಿ ಬೇರೆಡೆ ವಾಸಕ್ಕೆ ಹೋದವರಲ್ಲ. ಗಡಿ ಬದಲಾದರೂ, ಮುದ್ರೆ ಬದಲಾದರೂ, ಮೂರು ಭಾಗಗಳ ಪದ್ಧತಿ ಮಾತ್ರ ಬದಲಾಗಲಿಲ್ಲ. ಶೇ. 60ಕ್ಕೆ ಪ್ರಥಮ ದರ್ಜೆ, 50ಕ್ಕೆ ದ್ವಿತೀಯ, ಅದಕ್ಕೆ ಕೆಳಗೆ 35ರ ವರೆಗೆ ತೃತೀಯ. ಉದ್ಯೋಗಕ್ಕಾಗಲಿ ಉನ್ನತ ವ್ಯಾಸಂಗಕ್ಕಾಗಲಿ ಕೇಳುತ್ತಿದ್ದುದು ಮೂರನೆಯ ಭಾಗದ ದರ್ಜೆಯನ್ನು.

ಇಲ್ಲಿ ನಮ್ಮದೇ ಅಂಕಪಟ್ಟಿಯನ್ನು ತೆರೆಯಬೇಕಾಗಿದೆ. ಹೆಮ್ಮೆಗಾಗಿ ಅಲ್ಲ, ಹೆಮ್ಮೆ ಪಡುವಂಥದು ಅದರಲ್ಲಿ ಹೆಚ್ಚೇನೂ ಇಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎ. ಮುಗಿಸಿದೆವು. ಚಿಲ್ಲರೆ ಬಿಟ್ಟು ಹೇಳುವುದಾದರೆ ಇಂಗ್ಲಿಷಿನಲ್ಲಿ ಶೇ. 46, ಕನ್ನಡದಲ್ಲಿ 66, ಇತಿಹಾಸದಲ್ಲಿ 49. ಕನ್ನಡದ್ದು ಪ್ರಥಮ ದರ್ಜೆ; ಅಂದಿನ ದಿನಗಳಲ್ಲಿ ಭಾಷೆಗೆ ಅಷ್ಟು ಅಂಕ ಸಲೀಸಾಗಿ ಬೀಳುತ್ತಿರಲಿಲ್ಲ. ಆದರೆ ಜಗತ್ತು ನೋಡುವ ಮೂರನೆಯ ಭಾಗದಲ್ಲಿ ನಾವು ತೃತೀಯ ದರ್ಜೆಯವರು. ಒಂದೇ ಒಂದು ಶೇಕಡಾ. ಕನ್ನಡದ ಕೋಣೆಯಲ್ಲಿ ಅಂಕಗಳು ತುಂಬಿ ತುಳುಕುತ್ತಿದ್ದರೂ ಪಕ್ಕದ ಕೋಣೆಗೆ ಹಿಡಿಯಷ್ಟನ್ನೂ ಒಯ್ಯುವಂತಿರಲಿಲ್ಲ. ಎಂ.ಎ. ಓದುವ ಆಸೆ ಅಲ್ಲಿಗೇ ನಿಂತಿತು, ಬಿ.ಎಡ್. ಮುಗಿಸಿ ಶಾಲೆಗೆ ಸೇರಿದೆವು. ಶಾಲೆಯ ಬಾಳ್ವೆ ನಮಗೆ ಪ್ರಿಯವೇ ಆಯಿತಾದುದರಿಂದ ಇದನ್ನು ದೂರೆಂದು ಹೇಳುತ್ತಿಲ್ಲ. ಈ ಮೂರು ಅಂಕಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಸಾಕು. ಮುಂದೆ ಅವು ಮತ್ತೆ ಬರುತ್ತವೆ.

ಅಕ್ಷರದ ದರ್ಜೆ ನಮ್ಮ ಕಡೆಗೆ ಬಂದುದು ಮೊದಲು ಶಾಲೆಯ ಬಾಗಿಲಿನಿಂದ. ಕೇರಳದ ಎಸ್.ಎಸ್.ಎಲ್.ಸಿ.ಗೆ 600 ಅಂಕಗಳಿದ್ದ ಕಾಲದಲ್ಲಿ 210 ಎಂಬುದು ಮಂತ್ರದಂಥ ಸಂಖ್ಯೆ. 210 ಬಂದರೆ ತೇರ್ಗಡೆ, 360ಕ್ಕೆ ಪ್ರಥಮ ದರ್ಜೆ, 480ಕ್ಕೆ ವಿಶಿಷ್ಟ ದರ್ಜೆ. ರ‍್ಯಾಂಕು ಬಂದ ಮಕ್ಕಳ ಭಾವಚಿತ್ರಗಳು ಪತ್ರಿಕೆಯ ಮುಖಪುಟದಲ್ಲಿ. 209 ಬಂದ ಮಕ್ಕಳು ಮನೆಯ ಹಿಂಬದಿಯಲ್ಲಿ. 2005ರ ಪರೀಕ್ಷೆಯೊಂದಿಗೆ ಅಂಕವೂ ಹೋಯಿತು, ರ‍್ಯಾಂಕೂ ಹೋಯಿತು. 90ಕ್ಕೆ ಮೇಲೆ ಎ ಪ್ಲಸ್, 80ರಿಂದ ಎ ಎಂದು ಇಳಿಯುತ್ತ ಒಂಬತ್ತು ಮೆಟ್ಟಿಲುಗಳು. ಪ್ರತಿ ವಿಷಯದಲ್ಲೂ ಡಿ ಪ್ಲಸ್, ಅಂದರೆ 30, ದಾಟಿದರೆ ಮುಂದಿನ ತರಗತಿಗೆ ಅರ್ಹತೆ. ನಿವೃತ್ತಿಗೆ ತುಸು ಮೊದಲು ಈ ಬದಲಾವಣೆಯನ್ನು ಹೆತ್ತವರಿಗೆ ವಿವರಿಸುವ ಹೊಣೆ ನಮ್ಮ ಮೇಲೆ ಬಿತ್ತು. “80 ಬಂದವನಿಗೂ ಎ, 89 ಬಂದವನಿಗೂ ಎ, ಹಾಗಾದರೆ ಒಂಬತ್ತು ಅಂಕ ಎಲ್ಲಿಗೆ ಹೋಯಿತು ಮಾಷ್ಟ್ರೇ?” ಎಂದು ಅಂಗಡಿ ನಡೆಸುತ್ತಿದ್ದ ಒಬ್ಬರು ಕೇಳಿದರು. ವ್ಯಾಪಾರಿಯ ಪ್ರಶ್ನೆ ಸರಿಯಾಗಿಯೇ ಇತ್ತು. ಮೆಟ್ಟಿಲಿನ ನಡುವೆ ನಿಂತವನ ಎತ್ತರವನ್ನು ಈ ಪದ್ಧತಿ ಕಾಣುವುದಿಲ್ಲ. ಅವನು ಯಾವ ಮೆಟ್ಟಿಲಿನ ಮೇಲಿದ್ದಾನೆ ಎಂಬುದನ್ನಷ್ಟೇ ಕಾಣುತ್ತದೆ. ಆದುದರಿಂದಲೇ 89ರಲ್ಲಿ ನಿಲ್ಲುವ ಮಗುವಿಗೆ ಇನ್ನೊಂದು ಅಂಕದ ಬೆಲೆ ಬಹಳ, 82ರಲ್ಲಿರುವ ಮಗುವಿಗೆ ಅದು ಏನೂ ಅಲ್ಲ.

ಅಂದಹಾಗೆ, ಮಲಯಾಳದಲ್ಲಿ ಶೇಕಡಾ ಎಂಬುದಕ್ಕೆ ‘ಶತಮಾನ’ ಎನ್ನುತ್ತಾರೆ. ನಮ್ಮ ಮಕ್ಕಳೂ ಅದನ್ನೇ ಕನ್ನಡದೊಳಕ್ಕೆ ಎಳೆದು ತಂದು “ನನಗೆ ಎಂಬತ್ತು ಶತಮಾನ ಸಿಕ್ಕಿತು” ಎನ್ನುವಾಗ, ಎಂಟು ಸಾವಿರ ವರ್ಷ ಬಾಳು ಮಗುವೇ ಎಂದು ಹರಸಿದ್ದುಂಟು.

ಪದವಿ ತರಗತಿಯ ದರ್ಜೆಯಂಕದ ಸರಾಸರಿ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅಲ್ಲಿ ಅಕ್ಷರದ ಜತೆಗೆ ಕ್ರೆಡಿಟ್ ಎಂಬುದೊಂದಿದೆ. ನಮ್ಮ ದೇಶದ ಪರೀಕ್ಷಾ ಪದ್ಧತಿ ತಿದ್ದುಪಡಿಯಾಗಬೇಕೆಂಬುದನ್ನು ರಾಧಾಕೃಷ್ಣನ್ ಆಯೋಗ 1949ರಲ್ಲಿಯೇ ಬಲವಾಗಿ ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಕದ ಬದಲು ದರ್ಜೆಯನ್ನು ಬಳಸುವಂತೆ ಸೂಚಿಸಿತ್ತು. ಆದರೆ ಆಯೋಗಗಳಿಗಾಗಿ ಕಾಯದೆ ಇದನ್ನು ಮೊದಲೇ ಅಳವಡಿಸಿಕೊಂಡವುಗಳಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳು ಮುಖ್ಯ. 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯ ಅಮೆರಿಕದ ಮಾದರಿಯನ್ನು ಅನುಸರಿಸಿದ್ದು. ಕ್ರೆಡಿಟಿನ ಲೆಕ್ಕ ಕನ್ನಡನಾಡಿಗೆ ಬಂದ ದಾರಿಗಳಲ್ಲಿ ಅದೊಂದು. ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲಿ 1994ರಲ್ಲಿ ಕೃಷಿ ಕಾಲೇಜು ತೆರೆದಾಗ, ಬಿ.ಎ., ಬಿ.ಎಸ್ಸಿ. ಮಕ್ಕಳು ಇನ್ನೂ ಮೂರು ಭಾಗಗಳಲ್ಲಿ ಬರೆಯುತ್ತಿದ್ದರೆ, ಅಲ್ಲಿನ ಮಕ್ಕಳು ಕ್ರೆಡಿಟ್ ಎಣಿಸುತ್ತಿದ್ದರು.

ಕೃಷಿಯ ಮಾತು ಬಂದುದು ಒಳ್ಳೆಯದೇ ಆಯಿತು. ಕ್ರೆಡಿಟ್ ಎಂದರೇನೆಂದು ಹೆತ್ತವರು ಕೇಳಿದಾಗ ನಾವು ಅಡಕೆಯ ಉದಾಹರಣೆಯನ್ನೇ ಕೊಡುವುದು. 1973ರಲ್ಲಿ ಕ್ಯಾಂಪ್ಕೊ ಹುಟ್ಟುವ ಮೊದಲೂ, ಹುಟ್ಟಿದ ಬಳಿಕವೂ ನಮ್ಮ ಕೃಷಿಕರು ಅಡಕೆಯನ್ನು ಹೆಕ್ಕಿ ಬೇರ್ಪಡಿಸಿಯೇ ಮಾರಿದವರು: ಹಳತು, ಹೊಸತು, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಒಂದೊಂದಕ್ಕೆ ಒಂದೊಂದು ಧಾರಣೆ. ಈ ವರ್ಷ ಕಿಲೋಗೆ ಸರಾಸರಿ ಎಷ್ಟು ಸಿಕ್ಕಿತೆಂದು ತಿಳಿಯಬೇಕಾದರೆ ಐದು ಧಾರಣೆಗಳನ್ನು ಕೂಡಿಸಿ ಐದರಿಂದ ಭಾಗಿಸುವ ಕೃಷಿಕ ನಮ್ಮಲ್ಲಿ ಹುಟ್ಟಿಲ್ಲ. ಯಾವುದು ಎಷ್ಟು ತೂಗಿತು ಎಂದು ನೋಡಿ, ತೂಕವನ್ನು ಧಾರಣೆಯಿಂದ ಗುಣಿಸಿ, ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸುತ್ತಾನೆ. ಕ್ರೆಡಿಟ್ ಎಂದರೆ ಆ ತೂಕ. ದರ್ಜೆಯಂಕ ಎಂದರೆ ಧಾರಣೆ. ಇಷ್ಟೇ ವಿದ್ಯೆ. ಒಂದು ಸೆಮಿಸ್ಟರಿಗೆ ಹೀಗೆ ಮಾಡಿದರೆ ಎಸ್.ಜಿ.ಪಿ.ಎ., ಮುಗಿದ ಸೆಮಿಸ್ಟರುಗಳನ್ನೆಲ್ಲ ಸೇರಿಸಿ ಮಾಡಿದರೆ ಸಿ.ಜಿ.ಪಿ.ಎ.

2009ರಲ್ಲಿ ಕೇರಳದ ಪದವಿ ತರಗತಿಗಳಿಗೆ ಈ ತೂಕದ ಪದ್ಧತಿ ಬಂತು. ವರ್ಷಕ್ಕೊಮ್ಮೆಯ ಪರೀಕ್ಷೆ ಹೋಗಿ ಆರು ಸೆಮಿಸ್ಟರುಗಳಾದುವು. ಮೊದಮೊದಲು ಉತ್ತರಪತ್ರಿಕೆಗೆ ನೇರವಾಗಿ ಅಕ್ಷರವನ್ನೇ ಹಾಕುವ ಪ್ರಯೋಗ ನಡೆದು, ಅದು ತೃಪ್ತಿಕರವಾಗದೆ, ಅಂಕ ಹಾಕಿ ಅನಂತರ ಅಕ್ಷರಕ್ಕೆ ಪರಿವರ್ತಿಸುವ ಕ್ರಮಕ್ಕೆ ಮರಳಿದರು. ಆ ಗೊಂದಲದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದೆ ಹೋದ ಒಂದು ಸಂಗತಿಯಿದೆ. ಪದವಿಗೆ ಒಟ್ಟು 120 ಕ್ರೆಡಿಟ್, ಬಿ.ಎ., ಬಿ.ಎಸ್ಸಿ.ಗಳ ಸಾಮಾನ್ಯ ವಿನ್ಯಾಸದಲ್ಲಿ ಇಂಗ್ಲಿಷಿಗೆ 22, ಕನ್ನಡವೋ ಮಲಯಾಳವೋ ಹಿಂದಿಯೋ ಆದ ಎರಡನೆಯ ಭಾಷೆಗೆ 16, ಉಳಿದ 82 ಮುಖ್ಯ ವಿಷಯ ಮತ್ತು ಅದಕ್ಕೆ ಪೂರಕವಾದವುಗಳಿಗೆ. ಮುಖ್ಯ ವಿಷಯದ ದರ್ಜೆಯನ್ನು ಬೇರೆಯಾಗಿ ತೋರಿಸಿದರೂ ಒಟ್ಟು ದರ್ಜೆಯಲ್ಲಿ ಎಲ್ಲವೂ ಸೇರಿದುವು. ಕೋಣೆಗಳ ನಡುವಣ ಗೋಡೆ ಬಿದ್ದಿತು.

ನಮ್ಮ ಹಳೆಯ ಅಂಕಿಗಳನ್ನು ಈಗ ಈ ತಕ್ಕಡಿಯಲ್ಲಿಡೋಣ. ಶೇಕಡಾವಾರು ಅಂಕವನ್ನು ಕ್ರೆಡಿಟಿನಿಂದ ಗುಣಿಸುವುದು ಶಾಸ್ತ್ರಶುದ್ಧವಲ್ಲವಾದರೂ ತೂಕದ ಪ್ರಭಾವ ತಿಳಿಯಲು ಸಾಕು. ಇಂಗ್ಲಿಷಿನ 46ನ್ನು 22ರಿಂದ, ಕನ್ನಡದ 66ನ್ನು 16ರಿಂದ, ಇತಿಹಾಸದ 49ನ್ನು 82ರಿಂದ ಗುಣಿಸಿ ಕೂಡಿಸಿದರೆ 6086. ಅದನ್ನು 120ರಿಂದ ಭಾಗಿಸಿದರೆ 50.72. ದ್ವಿತೀಯ ದರ್ಜೆ! ಅದೇ ಮನುಷ್ಯ, ಅದೇ ಓದು, ಅದೇ ಉತ್ತರಪತ್ರಿಕೆ. ನಾಲ್ಕು ದಶಕ ತಡವಾಗಿ ಹುಟ್ಟಿದ್ದರೆ ಕನ್ನಡ ನಮ್ಮನ್ನು ಕೈಹಿಡಿದು ಮೇಲಕ್ಕೆತ್ತುತ್ತಿತ್ತು. ಈ ಲೆಕ್ಕ ಮಾಡಿದ ರಾತ್ರಿ ನಮಗೆ ನಿದ್ದೆ ತಡವಾಗಿ ಬಂತೆಂಬುದನ್ನು ಮುಚ್ಚಿಡಲಾರೆವು.

2024ರ ಜುಲೈಯಲ್ಲಿ ಕೇರಳ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ವಿಚಿತ್ರವೆಂದರೆ, 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದಿದ್ದ ಕರ್ನಾಟಕ ಮೂರು ವರ್ಷಕ್ಕೆ ಮರಳಿದ್ದೂ ಅದೇ 2024ರಲ್ಲಿ. ತಲಪಾಡಿಯ ಗಡಿಯ ಎರಡು ಬದಿಗಳು ಎದುರುಬದುರಾಗಿ ದಾಟಿಹೋದಂತಾಯಿತು. ಇಲ್ಲಿನ ಹೊಸ ವಿನ್ಯಾಸದಲ್ಲಿ ಮೂರು ವರ್ಷಕ್ಕೆ ನಿಲ್ಲಿಸುವವರಿಗೆ 133 ಕ್ರೆಡಿಟ್, ನಾಲ್ಕು ವರ್ಷದ ಆನರ್ಸಿಗೆ 177. ದರ್ಜೆಯಂಕ ಹತ್ತರ ಅಳತೆಯದು: ಓ ಎಂಬುದಕ್ಕೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಬಂದರೆ ಸೊನ್ನೆ. ನೂರರಲ್ಲಿ 30 ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನಕ್ಕೆ, 70 ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ. ಎರಡನೆಯ ಭಾಷೆಗೆ ಉಳಿದುದು ಮೊದಲ ಎರಡು ಸೆಮಿಸ್ಟರುಗಳಲ್ಲಿ ಮೂರು ಮೂರು ಕ್ರೆಡಿಟಿನ ಎರಡು ಪತ್ರ. ಇಂಗ್ಲಿಷಿಗೂ ಅಷ್ಟೇ. ಬೇರೆ ಕೆಲವು ಪತ್ರಗಳಲ್ಲಿ ಭಾಷಾ ವಿಭಾಗಗಳಿಗೆ ಅವಕಾಶವಿದ್ದರೂ ಕನ್ನಡವೆಂಬ ಹೆಸರಿನಲ್ಲಿ ಎಲ್ಲರಿಗೂ ಸಲ್ಲುವುದು ಆ ಆರೇ. 120ರಲ್ಲಿ 16 ಇದ್ದುದು 133ರಲ್ಲಿ 6ಕ್ಕೆ ಇಳಿಯಿತು, ಶೇ. 13ರಿಂದ ನಾಲ್ಕೂವರೆಗೆ. ನಮ್ಮ ಅಂಕಿಗಳನ್ನು ಈ ತಕ್ಕಡಿಯಲ್ಲಿಟ್ಟು ತೂಗಿದರೆ 6601ನ್ನು 133ರಿಂದ ಭಾಗಿಸಿ 49.63. ಮತ್ತೆ ತೃತೀಯ ದರ್ಜೆ.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಅವಳ ಮೊದಲ ಸೆಮಿಸ್ಟರಿನಲ್ಲಿ ಒಟ್ಟು 21 ಕ್ರೆಡಿಟ್. ನಾಲ್ಕು ಕ್ರೆಡಿಟಿನ ಮೇಜರ್ ಪತ್ರದಲ್ಲಿ 8, ನಾಲ್ಕು ನಾಲ್ಕರ ಎರಡು ಮೈನರ್ ಪತ್ರಗಳಲ್ಲಿ 7 ಮತ್ತು 7; ಮೂರು ಮೂರರ ಉಳಿದ ಪತ್ರಗಳಲ್ಲಿ ಇಂಗ್ಲಿಷಿಗೆ 6, ಕನ್ನಡಕ್ಕೆ 9, ಬಹುಶಿಸ್ತೀಯ ಪತ್ರಕ್ಕೆ 8. ಗುಣಿಸಿ ಕೂಡಿಸಿದರೆ 157. 21ರಿಂದ ಭಾಗಿಸಿದರೆ 7.48. ಬರಿಯ ಸರಾಸರಿ ತೆಗೆದಿದ್ದರೆ ಸರಿಯಾಗಿ ಏಳೂವರೆ ಬರುತ್ತಿತ್ತು. ಅವಳು ಮನೆಯಲ್ಲಿ ಹಾಗೆಯೇ ಮಾಡಿದ್ದಳು, ಆದುದರಿಂದಲೇ ಬೇಸರ. ಕನ್ನಡದಲ್ಲಿ ಒಂಬತ್ತರ ಬದಲು ಹತ್ತೇ ಬಂದಿದ್ದರೂ 7.62, ಮೇಜರಿನಲ್ಲಿ ಎಂಟರ ಬದಲು ಒಂಬತ್ತು ಬಂದಿದ್ದರೆ 7.67. ಒಂದು ಮೆಟ್ಟಿಲು ಹತ್ತುವ ಶ್ರಮ ಎರಡೂ ಕಡೆ ಒಂದೇ; ಫಲದಲ್ಲಿ ಈ ವ್ಯತ್ಯಾಸ. ಕನ್ನಡಕ್ಕೆ ತೂಕವಿದೆ ಮಗುವೇ, ಕಡಿಮೆ ಮಾಡಿದ್ದಾರೆ ಎಂದೆವು.

ಈ ಲೆಕ್ಕವನ್ನು ಹಿಂದೆ ನೋಡಲು ಮಾತ್ರವಲ್ಲ, ಮುಂದೆ ನೋಡಲೂ ಬಳಸಬಹುದು. ಅದನ್ನು ಮಕ್ಕಳು ಬಹಳ ತಡವಾಗಿ ಕಲಿಯುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ 6.5 ಪಡೆದ ವಿದ್ಯಾರ್ಥಿಗೆ ಮೂರು ವರ್ಷದ ಕೊನೆಗೆ 7.5 ಬೇಕೆಂದಿಟ್ಟುಕೊಳ್ಳೋಣ. 133ನ್ನು 7.5ರಿಂದ ಗುಣಿಸಿದರೆ 997.5, ಈಗಾಗಲೇ ಗಳಿಸಿದ್ದು 136.5, ಉಳಿದ 861ನ್ನು ಉಳಿದ 112 ಕ್ರೆಡಿಟಿಗೆ ಹಂಚಿದರೆ 7.69 ಬೀಳುತ್ತದೆ. ಮನಸ್ಸಿಟ್ಟು ಓದಿದರೆ ಸಾಧ್ಯ. ಅದೇ ವಿದ್ಯಾರ್ಥಿ ನಾಲ್ಕು ಸೆಮಿಸ್ಟರುಗಳಲ್ಲಿ 85 ಕ್ರೆಡಿಟ್ ಮುಗಿಯುವ ವರೆಗೂ 6.5ರಲ್ಲಿಯೇ ಇದ್ದು ಆಮೇಲೆ ಎಚ್ಚೆತ್ತರೆ, ಉಳಿದ 48 ಕ್ರೆಡಿಟುಗಳಲ್ಲಿ 9.27 ಬೇಕು. ಅಂದರೆ ಬಹುಮಟ್ಟಿಗೆ ಎಲ್ಲದರಲ್ಲೂ ಎ ಪ್ಲಸ್, ಅಲ್ಲಲ್ಲಿ ಓ. ಅದು ಪ್ರತಿಭೆಯ ಪ್ರಶ್ನೆಯಲ್ಲ, ತೂಕ ಮುಗಿದುಹೋದ ಪ್ರಶ್ನೆ. ಹಳೆಯ ಪದ್ಧತಿಯಲ್ಲಿ ಮಾರ್ಚಿ ತಿಂಗಳಲ್ಲಿ ದೀಪ ಉರಿಸಿ ಓದಿ ದಡ ಸೇರಿದವರು ನಮ್ಮ ಪೀಳಿಗೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಆ ಅನುಭವದಿಂದ ಮೊಮ್ಮಕ್ಕಳಿಗೆ ಸಮಾಧಾನ ಹೇಳಬಾರದು.

ಗಡಿ ದಾಟುವವರಿಗೆ ಇನ್ನೊಂದು ತೊಡಕು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಕೊಣಾಜೆ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು, ಕನ್ನಡ ಎಂ.ಎ.ಗೆ ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಅಂದೂ ಇದ್ದರು, ಇಂದೂ ಇದ್ದಾರೆ. 2009ರಲ್ಲಿ ಸ್ಥಾಪನೆಯಾಗಿ ಪೆರಿಯದಲ್ಲಿ ನೆಲೆನಿಂತ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿಯೂ ಈಗ ಕನ್ನಡ ವಿಭಾಗವಿದೆ. ಹೊರಗೆ ಹೋದಾಗ ಮೊದಲ ಪ್ರಶ್ನೆ: ಶೇಕಡಾ ಎಷ್ಟು? ಅಕ್ಷರ ಹೊತ್ತು ಹೋದವನಿಗೆ ಅಂಕ ಹೇಳಬೇಕಾದ ಪಾಡು. ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಹೊರಗಿನ ಒಂದು ಕಚೇರಿಗೆ ಹೋಗಿ, ದರ್ಜೆಯನ್ನು ಶೇಕಡಾಕ್ಕೆ ಪರಿವರ್ತಿಸಿದ ಪತ್ರವಿಲ್ಲದೆ ಹಿಂದಿರುಗಿ, ಆ ಪತ್ರ ತರಿಸುವಷ್ಟರಲ್ಲಿ ಅರ್ಜಿಯ ದಿನಾಂಕ ಮೀರಿಹೋಯಿತು. ಪರಿವರ್ತನೆಯ ಸೂತ್ರವೂ ಒಂದೇ ಅಲ್ಲ. ಸಿ.ಬಿ.ಎಸ್.ಇ. ತನ್ನ ಹತ್ತನೆಯ ತರಗತಿಗೆ ದರ್ಜೆ ತಂದಾಗ 9.5ರಿಂದ ಗುಣಿಸಲು ಹೇಳಿತ್ತು. ತಾಂತ್ರಿಕ ಶಿಕ್ಷಣ ಪರಿಷತ್ತಿನ ಕೋಷ್ಟಕದಲ್ಲಿ 0.75 ಕಳೆದು ಹತ್ತರಿಂದ ಗುಣಿಸಿದ ಫಲ ಬರುತ್ತದೆ. ಕೆಲವೆಡೆ ನೇರವಾಗಿ ಹತ್ತರಿಂದ ಗುಣಿಸುತ್ತಾರೆ. 6.25 ಇರುವವನು ಒಂದು ಸೂತ್ರದಲ್ಲಿ ಶೇ. 59.4, ಇನ್ನೊಂದರಲ್ಲಿ 55, ಮತ್ತೊಂದರಲ್ಲಿ 62.5. ಒಬ್ಬನೇ ವಿದ್ಯಾರ್ಥಿ ಪ್ರಥಮ ದರ್ಜೆಯ ಗೆರೆಯ ಎರಡು ಬದಿಗಳಲ್ಲಿಯೂ ನಿಂತಿದ್ದಾನೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದುದರಿಂದ ಪದವಿ ಮುಗಿಸಿದವರು ಅಂಕಪಟ್ಟಿಯ ಜತೆಗೆ ತಮ್ಮ ವಿಶ್ವವಿದ್ಯಾನಿಲಯದ ಪರಿವರ್ತನಾ ಸೂತ್ರವನ್ನು ಮುದ್ರೆಸಹಿತ ಪಡೆದಿಟ್ಟುಕೊಳ್ಳುವುದು ಒಳಿತು. ನಮ್ಮಂಥ ಗಡಿಯವರಿಗೆ ಇದು ಪಡಿತರ ಚೀಟಿಯಷ್ಟೇ ಅವಶ್ಯಕ.

ಕನ್ನಡಕ್ಕೆ ಉಳಿದ ಆರು ಕ್ರೆಡಿಟನ್ನು ನೋಡಿ ನಿಟ್ಟುಸಿರು ಬಿಟ್ಟು ನಾವು ಹೊಸ ನಿಯಮಾವಳಿಯನ್ನು ಮುಚ್ಚಿಡುವವರಿದ್ದೆವು. ಆದರೆ ಮೇಷ್ಟ್ರ ಚಾಳಿ, ಇನ್ನೊಮ್ಮೆ ಓದಿದೆವು. ಆಗ ಕಣ್ಣಿಗೆ ಬಿದ್ದುದು ಮೈನರ್. ಮೇಜರ್ ವಿಷಯದೊಂದಿಗೆ ವಿದ್ಯಾರ್ಥಿ ಎರಡು ಮೈನರ್ ವಿಷಯಗಳನ್ನು ಆರಿಸಿಕೊಳ್ಳುವ ದಾರಿಯಲ್ಲಿ ಒಂದೊಂದಕ್ಕೂ ನಾಲ್ಕು ಕ್ರೆಡಿಟಿನ ಮೂರು ಪತ್ರ, ಅಂದರೆ 12 ಕ್ರೆಡಿಟ್. ಕನ್ನಡ ವಿಭಾಗವಿರುವ ಕಾಲೇಜಿನಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯೋ ಇತಿಹಾಸದ ವಿದ್ಯಾರ್ಥಿಯೋ ಕನ್ನಡವನ್ನು ಒಂದು ಮೈನರ್ ಆಗಿ ತೆಗೆದುಕೊಂಡರೆ ಭಾಷೆಯ 6ಕ್ಕೆ ಈ 12 ಸೇರಿ 18. 133ರಲ್ಲಿ 18 ಎಂದರೆ ಶೇ. 13.5. 2009ರಲ್ಲಿ 120ಕ್ಕೆ 16 ಇದ್ದಾಗ ಶೇ. 13.3 ಇತ್ತು. ಕಳೆದುಹೋಯಿತೆಂದುಕೊಂಡ ತೂಕ ಬೇರೊಂದು ಚೀಲದಲ್ಲಿ ಕುಳಿತಿತ್ತು. ವ್ಯತ್ಯಾಸವಿಷ್ಟೇ, ಅಂದು ಕೇಳದೆಯೇ ಸಿಗುತ್ತಿತ್ತು, ಇಂದು ಕೇಳಿ ಪಡೆಯಬೇಕು. ಕೇಳುವವರಿಲ್ಲದಿದ್ದರೆ ಆ ಪತ್ರ ನಡೆಯುವುದಿಲ್ಲ. ಪತ್ರ ನಡೆಯದಿದ್ದರೆ ಕನ್ನಡದ ಅಧ್ಯಾಪಕರ ಹುದ್ದೆಗೆ ಬೇಕಾದ ಗಂಟೆಗಳು ಕೂಡಿಬರುವುದಿಲ್ಲ. ನಮ್ಮ ಅಂಕಿಗಳನ್ನು ಕೊನೆಯದಾಗಿ ಈ ತಕ್ಕಡಿಯಲ್ಲಿಯೂ ಇಟ್ಟೆವು: 46ನ್ನು 6ರಿಂದ, 66ನ್ನು 18ರಿಂದ, 49ನ್ನು 109ರಿಂದ ಗುಣಿಸಿ ಒಟ್ಟು 6805; 133ರಿಂದ ಭಾಗಿಸಿದರೆ 51.17.

ಹುಡುಗಿಗೆ ತಮ್ಮನಿದ್ದಾನೆ. ಪ್ಲಸ್ ಟೂ ಮುಗಿಸಿ ಪದವಿಗೆ ಅರ್ಜಿ ಹಾಕುವ ದಿನ ಅವಳೇ ಅವನನ್ನು ಕರೆದುಕೊಂಡು ಬಂದಳು. ಮೈನರ್ ವಿಷಯದ ಪ್ರಾಶಸ್ತ್ಯ ಬರೆಯುವಲ್ಲಿ ಅವನ ಬೆರಳು ಸ್ವಲ್ಪ ಹೊತ್ತು ನಿಂತಿತು. ನಾವು ಏನನ್ನೂ ಹೇಳಲಿಲ್ಲ. ಗೋಡೆಯ ಕ್ಯಾಲೆಂಡರನ್ನು ತೆಗೆದು, ಹಿಂದುಮುಂದಾಗಿಸಿ, ಅವಳು ಹಿಂದೆ ನೋಡಿದ್ದ 157 ಮತ್ತು 21ರ ಕೆಳಗೆ ಹೊಸದಾಗಿ ಬರೆದಿದ್ದ 18 ಮತ್ತು 133ನ್ನು ತೋರಿಸಿದೆವು. ಅಕ್ಕ ತಮ್ಮ ಇಬ್ಬರೂ ತಲೆ ಜೋಡಿಸಿ ಭಾಗಾಕಾರ ಮಾಡತೊಡಗಿದರು.